ಕಳ್ಳ ಯಾರು ಎಂದು ಕೇಳುವ ಮುನ್ನ



ನಿಮ್ಮ ಮನೆಯಲ್ಲಿ ಒಂದು ಒಡವೆ ಕಾಣೆಯಾಯಿತೆಂದು ಇಟ್ಟುಕೊಳ್ಳಿ. ಬೀರು ತೆರೆದು ನೋಡಿದ್ದೀರಿ, ಸೀರೆಗಳ ಮಡಿಕೆ ಬಿಡಿಸಿದ್ದೀರಿ, ಅಕ್ಕಿ ಡಬ್ಬಿಯಲ್ಲೂ ಕೈಯಾಡಿಸಿದ್ದೀರಿ. ಆ ಗಳಿಗೆಯಲ್ಲಿ ನಿಮ್ಮ ಮನಸ್ಸಿಗೆ ಬರುವ ಮೊದಲ ಮುಖ ಯಾರದು? ನಿಮ್ಮ ಮಗನದಲ್ಲ, ಅಳಿಯನದಲ್ಲ. ಸೊಸೆಯದು ಇರಬಹುದು, ಆ ವಿಷಯ ಇನ್ನೊಂದು ವಾರಕ್ಕೆ ಇರಲಿ. ಸಾಮಾನ್ಯವಾಗಿ ಬರುವ ಮುಖ ಪಾತ್ರೆ ತೊಳೆಯಲು ಬರುವ ಹೆಣ್ಣುಮಗಳದು.

ನಮ್ಮ ನವನಗರದಲ್ಲಿ ಈ ಪ್ರಶ್ನೆ ಕೇಳಿದರೆ ಬಹಳ ಮಂದಿ ಸುಮ್ಮನಾಗುತ್ತಾರೆ. ಆಲಮಟ್ಟಿಯ ಹಿನ್ನೀರು ಏರಿ ಹಳೇ ಬಾಗಲಕೋಟೆಯ ತಗ್ಗಿನ ಓಣಿಗಳು ಮುಳುಗುವ ಕಾಲಕ್ಕೆ ಇಲ್ಲಿಗೆ ಮನೆ ಸಾಗಿಸಿದವರು ಬಹಳ. ಸಾಮಾನು ಹೇರಿ ಇಳಿಸುವ ಆ ಗದ್ದಲದಲ್ಲಿ ಏನಾದರೂ ಕಳೆದುಕೊಳ್ಳದ ಮನೆ ಅಪರೂಪ. ಒಬ್ಬರಿಗೆ ಅಜ್ಜಿಯ ಬೋರಮಾಳ, ಇನ್ನೊಬ್ಬರಿಗೆ ಬೆಳ್ಳಿಯ ಲೋಟ, ಮತ್ತೊಬ್ಬರಿಗೆ ಜಪಮಾಲೆ. ಕಳೆದ ಪ್ರತಿ ವಸ್ತುವಿನ ಹಿಂದೆ ಒಂದು ಅನುಮಾನವಿದೆ, ಅನುಮಾನದ ಹಿಂದೆ ಒಂದು ಹೆಸರಿದೆ. ವಸ್ತು ಸಿಕ್ಕಿದ ಮೇಲೂ ಆ ಹೆಸರು ತೊಳೆದುಹೋಗಿಲ್ಲ.

ನನಗೆ ಪರಿಚಯದ ನಿವೃತ್ತ ಪೊಲೀಸ್ ಅಧಿಕಾರಿಯೊಬ್ಬರು ಹೇಳುತ್ತಿದ್ದರು: "ಫಾದರ್, ಕಳುವಾದ ಮನಿಗೆ ಹೋದ್ರ ಎಲ್ಲಾರೂ ಬಟ್ಟ ತೋರಸೋದು ಕೆಲಸದಾಕಿ ಕಡೆ. ನಾವು ಮೊದಲ ನೋಡೋದು ಬೀಗರೀ." ಮೂವತ್ತು ವರ್ಷ ಕಳ್ಳರ ಬೆನ್ನು ಹತ್ತಿದವರು ಅವರು. ವಯಸ್ಸಾದಂತೆ ಅನುಮಾನ ಹೆಚ್ಚಾಗಬೇಕಿತ್ತು, ಅವರಿಗೆ ಕಡಿಮೆಯಾಗಿದೆ. ಅವರ ಮಾತು ಕೇಳಿದಾಗಲೆಲ್ಲ ನನಗೆ ನೆನಪಾಗುವುದು ಒಂದು ಹಳೆಯ ಇಂಗ್ಲಿಷ್ ಪತ್ತೇದಾರಿ ಕಾದಂಬರಿ.

ಗುರುಗಳು ಪತ್ತೇದಾರಿ ಕಾದಂಬರಿ ಓದುತ್ತಾರೆಯೇ ಎಂದು ಹುಬ್ಬೇರಿಸಬೇಡಿ. ನಮ್ಮ ಪೀಳಿಗೆಯ ಹುಡುಗರು ಎನ್. ನರಸಿಂಹಯ್ಯನವರ ಪುಸ್ತಕಗಳನ್ನು ಪಠ್ಯದೊಳಗೆ ಮುಚ್ಚಿಟ್ಟು ಓದಿದವರು. ಇಂಗ್ಲೆಂಡಿನಲ್ಲಿ ರೊನಾಲ್ಡ್ ನಾಕ್ಸ್ ಎಂಬ ಕಥೋಲಿಕ ಗುರು 1929ರಲ್ಲಿ ಪತ್ತೇದಾರಿ ಕಥೆ ಬರೆಯುವವರಿಗೆಂದೇ ಹತ್ತು ಕಟ್ಟಳೆಗಳನ್ನು ಮಾಡಿದರು. ಅದೇ ಗುರು ಮುಂದೆ ಪವಿತ್ರ ಬೈಬಲನ್ನು ಲತೀನಿನಿಂದ ಇಂಗ್ಲಿಷಿಗೆ ಅನುವಾದಿಸಿದರು. ಅಷ್ಟೇಕೆ, ನಮ್ಮ ಬೈಬಲಿನ ದಾನಿಯೇಲನ ಗ್ರಂಥದ 13ನೇ ಅಧ್ಯಾಯ ಓದಿ. ಸುಸನ್ನಳ ಮೇಲೆ ಸುಳ್ಳು ಆರೋಪ ಹೊರಿಸಿದ ಇಬ್ಬರು ಹಿರಿಯರನ್ನು ಬೇರೆ ಬೇರೆಯಾಗಿ ನಿಲ್ಲಿಸಿ, ಯಾವ ಮರದ ಕೆಳಗೆ ಕಂಡಿರಿ ಎಂದು ದಾನಿಯೇಲ ಕೇಳುತ್ತಾನೆ. ಒಬ್ಬ ಒಂದು ಮರ ಹೇಳಿದ, ಇನ್ನೊಬ್ಬ ಬೇರೆ ಮರ ಹೇಳಿದ. ಊರೆಲ್ಲ ಕಲ್ಲು ಹಿಡಿದು ನಿಂತಿದ್ದಾಗ ಒಬ್ಬ ಯುವಕ ಒಂದು ಪ್ರಶ್ನೆ ಕೇಳಿದ್ದರಿಂದ ಒಂದು ಜೀವ ಉಳಿಯಿತು. ಅಲ್ಲಿ ಪತ್ತೇದಾರಿಕೆ ಅಪರಾಧಿಯನ್ನು ಹಿಡಿಯುವುದಕ್ಕಿಂತ ಮೊದಲು ನಿರಪರಾಧಿಯನ್ನು ಬಿಡಿಸುವ ಕೆಲಸ ಮಾಡಿತು.

ನಾನು ಹೇಳುವ ಕಾದಂಬರಿ ವಿಲ್ಕಿ ಕಾಲಿನ್ಸ್ ಬರೆದ 'ದಿ ಮೂನ್‌ಸ್ಟೋನ್'. ಚಾರ್ಲ್ಸ್ ಡಿಕನ್ಸ್ ನಡೆಸುತ್ತಿದ್ದ ವಾರಪತ್ರಿಕೆಯಲ್ಲಿ 1868ರಲ್ಲಿ ಧಾರಾವಾಹಿಯಾಗಿ ಬಂತು. ಕಥೆ ನಡೆಯುವುದು ಇಂಗ್ಲೆಂಡಿನಲ್ಲಾದರೂ ಅದು ಆರಂಭವಾಗುವುದು ನಮ್ಮ ಶ್ರೀರಂಗಪಟ್ಟಣದಲ್ಲಿ, 1799ರ ಮೇ 4ರಂದು. ಟಿಪ್ಪುವಿನ ಕೋಟೆ ಬಿದ್ದ ದಿನ ಹರ್ನ್‌ಕ್ಯಾಸಲ್ ಎಂಬ ಇಂಗ್ಲಿಷ್ ಅಧಿಕಾರಿ ಅರಮನೆಯ ಆಯುಧಶಾಲೆಗೆ ನುಗ್ಗಿ, ಕಾವಲಿದ್ದ ಮೂವರನ್ನು ಕೊಂದು, ಕಠಾರಿಯ ಹಿಡಿಯಲ್ಲಿದ್ದ ಹಳದಿ ವಜ್ರವನ್ನು ಕದಿಯುತ್ತಾನೆ. ಹಿಂದೆ ಸೋಮನಾಥದ ಚಂದ್ರದೇವನ ಹಣೆಯಲ್ಲಿದ್ದ ವಜ್ರ ಅದೆಂದು ಕಾದಂಬರಿ ಹೇಳುತ್ತದೆ. ವಜ್ರ ಲೇಖಕರ ಕಲ್ಪನೆ, ಕೋಟೆ ಬಿದ್ದದ್ದೂ ಲೂಟಿಯಾದದ್ದೂ ಇತಿಹಾಸ.

ಹರ್ನ್‌ಕ್ಯಾಸಲ್ ಸಾಯುವಾಗ ಆ ವಜ್ರವನ್ನು ತಂಗಿಯ ಮಗಳು ರೇಚಲ್‌ಗೆ ಬರೆದಿಡುತ್ತಾನೆ. 1848ರಲ್ಲಿ ಆಕೆಯ ಹದಿನೆಂಟನೇ ಹುಟ್ಟುಹಬ್ಬದ ದಿನ ಫ್ರಾಂಕ್ಲಿನ್ ಬ್ಲೇಕ್ ಎಂಬ ಸಂಬಂಧಿಕ ತರುಣ ಅದನ್ನು ತಂದು ಕೊಡುತ್ತಾನೆ. ಬೆಳಗಾಗುವುದರೊಳಗೆ ವಜ್ರ ಮಾಯ. ಮೊದಲು ಬಂದ ಊರ ಪೊಲೀಸಿನವನು ಮಾಡಿದ್ದೇನು ಗೊತ್ತೇ? ಆಳುಗಳ ಮೇಲೆ ಎಗರಿಬಿದ್ದ. ನೂರೈವತ್ತು ವರ್ಷವಾದರೂ ಈ ಪದ್ಧತಿ ಬದಲಾಗಿಲ್ಲ ನೋಡಿ.

ಆಮೇಲೆ ಲಂಡನ್ನಿನಿಂದ ಬರುವವನೇ ಸಾರ್ಜೆಂಟ್ ಕಫ್. ತಲೆ ನರೆತ, ಒಣಗಿದ ಮೈಯ ಮುದುಕ. ನೋಡಿದರೆ ಪಾದ್ರಿಯೋ ಹೆಣ ಹೂಳುವವನೋ ಎನ್ನುವಂತಿದ್ದ ಎಂದು ಕಥೆ ಹೇಳುತ್ತದೆ. ಓದಿದಾಗ ನಾನು ಕನ್ನಡಿ ನೋಡಿಕೊಂಡೆ. ಅವನಿಗೆ ಕಳ್ಳರಿಗಿಂತ ಗುಲಾಬಿ ಗಿಡಗಳ ಮೇಲೆ ಪ್ರೀತಿ. ನಿವೃತ್ತಿಯಾದ ಮೇಲೆ ಗುಲಾಬಿ ಬೆಳೆಸುವುದೇ ಅವನ ಕನಸು. ಬಂದವನು ಬಾಗಿಲಿನ ಹಸಿ ಬಣ್ಣದಲ್ಲಿ ಒರೆಸಿದ ಸಣ್ಣ ಗುರುತು ಕಂಡ. ಯಾರ ಬಟ್ಟೆಗೆ ಈ ಬಣ್ಣ ಅಂಟಿದೆಯೋ ಅವರೇ ರಾತ್ರಿ ಇಲ್ಲಿಂದ ಹಾದವರು ಎಂದು ಸರಿಯಾಗಿಯೇ ಹೇಳಿದ. ಮನೆಯವರ ಸಣ್ಣಪುಟ್ಟ ನಡೆಗಳನ್ನೆಲ್ಲ ಸರಿಯಾಗಿ ಗುರುತಿಸಿದ. ಕೊನೆಗೆ ತೀರ್ಮಾನ ಮಾತ್ರ ತಪ್ಪಿತು.

ಅವನು ಅನುಮಾನಿಸಿದ್ದು ರೇಚಲ್‌ಳನ್ನೇ. ತನ್ನ ವಜ್ರವನ್ನು ತಾನೇ ಕದ್ದು ಸಾಲ ತೀರಿಸಿಕೊಂಡಿದ್ದಾಳೆ, ಅದಕ್ಕೆ ಕೆಲಸದ ಹುಡುಗಿ ರೊಸಾನಾ ಸಹಾಯ ಮಾಡಿದ್ದಾಳೆ ಎಂದು. ಅವನ ಆಧಾರ ಏನು? ರೇಚಲ್ ಬಾಯಿ ಬಿಡುತ್ತಿರಲಿಲ್ಲ. ರೊಸಾನಾ ಹಿಂದೆ ಕಳ್ಳತನಕ್ಕಾಗಿ ಸೆರೆಮನೆ ಕಂಡವಳು. ಒಬ್ಬಳ ಮೌನ, ಇನ್ನೊಬ್ಬಳ ಹಳೆಯ ಪಾಪ, ಇವೆರಡನ್ನು ಕೂಡಿಸಿ ಲೆಕ್ಕ ಹಾಕಿದ. ಆದರೆ ರೇಚಲ್ ಸುಮ್ಮನಿದ್ದದ್ದು ತಾನು ಪ್ರೀತಿಸಿದವನೇ ವಜ್ರ ಎತ್ತಿಕೊಂಡು ಹೋದದ್ದನ್ನು ಕಣ್ಣಾರೆ ಕಂಡಿದ್ದರಿಂದ. ಅವನನ್ನು ಹಿಡಿದುಕೊಡಲು ಆಕೆಗೆ ಮನಸ್ಸಾಗಲಿಲ್ಲ. ಮೌನವೇ ಸಮ್ಮತಿ ಎಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಪಿಲಾತನ ಎದುರು ಯೇಸುಸ್ವಾಮಿ ಮೌನವಾಗಿದ್ದರು ಎಂಬುದು ಪ್ರತಿ ಶುಭ ಶುಕ್ರವಾರ ಓದಿದರೂ ನಮಗೆ ನೆನಪಾಗುವುದಿಲ್ಲ.

ರೊಸಾನಾ ಸಮುದ್ರದ ದಂಡೆಯ ಹೂಳುಮರಳಿನಲ್ಲಿ ಪ್ರಾಣ ಬಿಟ್ಟಳು. ಆಕೆಯನ್ನು ಅಲ್ಲಿಗೆ ದೂಡಿದ್ದು ಅನುಮಾನವೊಂದೇ ಅಲ್ಲ. ಆಕೆ ಫ್ರಾಂಕ್ಲಿನ್‌ನನ್ನು ಮನಸ್ಸಿನಲ್ಲೇ ಪ್ರೀತಿಸಿದ್ದಳು, ಅವನು ಆಕೆಯನ್ನು ಗಮನಿಸಿಯೂ ಇರಲಿಲ್ಲ. ಆದರೂ ಒಮ್ಮೆ ಕದ್ದವಳು ಎಂಬ ಹಣೆಪಟ್ಟಿ ಹೊತ್ತು, ಎಲ್ಲರ ಕಣ್ಣು ತನ್ನ ಮೇಲಿರುವ ಮನೆಯಲ್ಲಿ ಬದುಕುವುದು ಎಷ್ಟು ಭಾರವೆಂದು ಆ ಪುಟಗಳನ್ನು ಓದಿದವರಿಗೆ ತಿಳಿಯುತ್ತದೆ. ಪಾಪನಿವೇದನೆಯಲ್ಲಿ ದೇವರು ಕ್ಷಮಿಸಿದ ಪಾಪವನ್ನು ನಾವು ನೆರೆಹೊರೆಯವರು ವರ್ಷಗಟ್ಟಲೆ ಕ್ಷಮಿಸದೆ ಇಟ್ಟುಕೊಳ್ಳುತ್ತೇವಲ್ಲ, ಇದಕ್ಕೆ ನಮಗೆ ಅಧಿಕಾರ ಕೊಟ್ಟವರು ಯಾರು?

ಈ ಕಾದಂಬರಿಯ ಹಿಂದೆ ಒಂದು ನಿಜ ಪ್ರಕರಣವಿದೆ. 1860ರ ಜೂನ್ ಕೊನೆಯಲ್ಲಿ ಇಂಗ್ಲೆಂಡಿನ ರೋಡ್ ಎಂಬ ಹಳ್ಳಿಯ ದೊಡ್ಡ ಮನೆಯಲ್ಲಿ ನಾಲ್ಕು ವರ್ಷವೂ ತುಂಬದ ಒಂದು ಗಂಡುಮಗುವಿನ ಕೊಲೆಯಾಯಿತು. ಊರ ಪೊಲೀಸರು ಮೊದಲು ಹಿಡಿದದ್ದು, ನೀವು ಊಹಿಸಿದಂತೆ, ಮಗುವನ್ನು ನೋಡಿಕೊಳ್ಳುತ್ತಿದ್ದ ದಾದಿಯನ್ನು. ಲಂಡನ್ನಿನಿಂದ ಬಂದ ಇನ್ಸ್‌ಪೆಕ್ಟರ್ ಜೊನಾಥನ್ ವಿಚರ್ ಮಾತ್ರ ಮಗುವಿನ ಮಲಅಕ್ಕ, ಹದಿನಾರರ ಕಾನ್‌ಸ್ಟನ್ಸ್ ಕೆಂಟ್‌ಳನ್ನು ಬಂಧಿಸಿದ. ಆಕೆಯ ಒಂದು ರಾತ್ರಿಯ ಅಂಗಿ ಕಾಣೆಯಾಗಿತ್ತು. ಅಷ್ಟರಿಂದ ಅಪರಾಧ ಸಾಬೀತಾಗಲಿಲ್ಲ, ಆಕೆ ಬಿಡುಗಡೆಯಾದಳು. ದೊಡ್ಡವರ ಮನೆಯ ಹುಡುಗಿಯ ಮೇಲೆ ಕೈಯಿಟ್ಟನೆಂದು ಪತ್ರಿಕೆಗಳು ವಿಚರ್‌ನನ್ನು ಹರಿದು ತಿಂದವು. ಐವತ್ತು ತುಂಬುವ ಮೊದಲೇ, 1864ರಲ್ಲಿ, ಅನಾರೋಗ್ಯದ ಕಾರಣದಿಂದ ಅವನು ನಿವೃತ್ತನಾದ.

ಮರುವರ್ಷ ಕಾನ್‌ಸ್ಟನ್ಸ್ ತಾನಾಗಿಯೇ ನ್ಯಾಯಾಲಯಕ್ಕೆ ಬಂದು ತಪ್ಪೊಪ್ಪಿಕೊಂಡಳು. ಅದಕ್ಕೆ ಮೊದಲು ಆಕೆ ಆರ್ಥರ್ ವ್ಯಾಗ್ನರ್ ಎಂಬ ಆಂಗ್ಲಿಕನ್ ಗುರುವಿನ ಬಳಿ ಪಾಪನಿವೇದನೆ ಮಾಡಿದ್ದಳು. ನ್ಯಾಯಾಲಯದಲ್ಲಿ ಅದರ ಬಗ್ಗೆ ಕೇಳಿದಾಗ ಆತ ಬಾಯಿ ಬಿಡಲಿಲ್ಲ. ನಮ್ಮ ಧರ್ಮಸಭೆಯವನಲ್ಲದಿದ್ದರೂ ಆ ಗುರುವಿಗೆ ನಾನು ಮನಸಾರೆ ವಂದಿಸುತ್ತೇನೆ. ಮರಣದಂಡನೆ ಜೀವಾವಧಿಗೆ ಇಳಿಯಿತು. ಇಪ್ಪತ್ತು ವರ್ಷ ಸೆರೆಯಲ್ಲಿದ್ದು ಬಂದ ಆಕೆ ಆಸ್ಟ್ರೇಲಿಯಾದಲ್ಲಿ ಬೇರೆ ಹೆಸರಿನಲ್ಲಿ ದಾದಿಯಾಗಿ ರೋಗಿಗಳ ಸೇವೆ ಮಾಡಿ, ನೂರು ವರ್ಷ ಬದುಕಿ, 1944ರಲ್ಲಿ ತೀರಿಕೊಂಡಳು. ಈ ಕಥೆಯಲ್ಲಿ ಪೊಲೀಸಿನವನ ಅನುಮಾನ ಸರಿಯಾಗಿತ್ತು, ಕಾದಂಬರಿಯಲ್ಲಿ ತಪ್ಪಾಗಿತ್ತು. ಸರಿಯಾದವನು ಮಾನ ಕಳೆದುಕೊಂಡ, ತಪ್ಪಿದವನು ಓದುಗರ ಪ್ರೀತಿ ಗಳಿಸಿದ. ಏಕೆಂದರೆ ಕಫ್ ಮುಂದೆ ಗುಲಾಬಿ ತೋಟದಿಂದ ಎದ್ದುಬಂದು, ನಾನು ಆಗ ತಪ್ಪಿದೆ ಎಂದು ಸಂಕೋಚವಿಲ್ಲದೆ ಒಪ್ಪಿಕೊಳ್ಳುತ್ತಾನೆ.

ಹಾಗಾದರೆ ಅನುಮಾನ ಪಡುವುದೇ ಪಾಪವೇ? ಅಲ್ಲ. ಬಾಗಿಲು ಮುರಿದಿದ್ದರೆ ಯಾರು ಮುರಿದರೆಂದು ಕೇಳದಿರುವುದು ದಡ್ಡತನ. ಮನಸ್ಸಿಗೆ ಹಾರಿ ಬಂದ ವಿಚಾರಕ್ಕೆ ನಾವು ಹೊಣೆಯಲ್ಲ. ಆದರೆ ಸಾಕಷ್ಟು ಆಧಾರವಿಲ್ಲದೆ ನೆರೆಯವನ ತಪ್ಪನ್ನು ನಿಜವೆಂದು ಮನಸ್ಸಿನೊಳಗೇ ಒಪ್ಪಿಕೊಂಡುಬಿಟ್ಟರೆ ಅದು ದುಡುಕಿನ ತೀರ್ಪು, ಪಾಪ ಎಂದು ಧರ್ಮಸಭೆ ಬೋಧಿಸುತ್ತದೆ. ಬಾಯಿ ಬಿಟ್ಟು ಹೇಳದಿದ್ದರೂ ಪಾಪವೇ ಎಂಬುದನ್ನು ಗಮನಿಸಿ. ನಾವು ಹೇಳದಿದ್ದರೂ ನಮ್ಮ ಕಣ್ಣು ಹೇಳುತ್ತದೆ, ಕೆಲಸದಾಕೆ ಬಂದಾಗ ಬೀರುವಿಗೆ ಹಾಕುವ ಬೀಗ ಹೇಳುತ್ತದೆ.

ಪತ್ತೇದಾರಿ ಕಥೆಯ ಗುಟ್ಟು ಬಿಟ್ಟುಕೊಡುವುದು ಓದುಗರ ವಿರುದ್ಧ ಮಾಡುವ ಪಾಪ. ಆದರೂ ಈಗ ಮಾಡುತ್ತೇನೆ, ಇಲ್ಲದಿದ್ದರೆ ನನ್ನ ಮಾತು ಮುಂದೆ ಸಾಗದು. ವಜ್ರ ಎತ್ತಿದವನು ಫ್ರಾಂಕ್ಲಿನ್. ಕಳ್ಳನನ್ನು ಹಿಡಿಯಲೇಬೇಕೆಂದು ಎಲ್ಲರಿಗಿಂತ ಹೆಚ್ಚು ಓಡಾಡಿದವನು ಅವನೇ! ಆ ರಾತ್ರಿ ವೈದ್ಯನೊಬ್ಬ ಹೇಳದೆ ಕೇಳದೆ ಅವನಿಗೆ ಅಫೀಮು ಕುಡಿಸಿದ್ದ. ವಜ್ರಕ್ಕೆ ಅಪಾಯವಿದೆಯೆಂಬ ಚಿಂತೆಯಲ್ಲಿ ಮಲಗಿದವನು ಎಚ್ಚರವಿಲ್ಲದೆ ಎದ್ದು, ಕಾಪಾಡಲೆಂದು ಅದನ್ನು ತೆಗೆದ. ಬೆಳಗ್ಗೆ ನೆನಪಿಲ್ಲ. ಅದನ್ನು ಅವನ ಕೈಯಿಂದ ಪಡೆದು ನುಂಗಿದವನು ಗಾಡ್‌ಫ್ರೆ ಎಂಬ ಸಭ್ಯ, ಧರ್ಮಕಾರ್ಯದ ಸಂಘಗಳಲ್ಲಿ ದೊಡ್ಡ ಹೆಸರು, ಭಾಷಣಕ್ಕೆ ನಿಂತರೆ ಹೆಂಗಸರು ಕಣ್ಣೊರೆಸಿಕೊಳ್ಳುವಂಥವನು. ಅವನನ್ನು ಮೊದಲು ಯಾರೂ ಅನುಮಾನಿಸಲಿಲ್ಲ. ಧರ್ಮಕೇಂದ್ರದ ಸಂಘಗಳಲ್ಲಿರುವ ನನ್ನ ಮಿತ್ರರು ಬೇಸರಿಸಬಾರದು, ಗುರುಗಳನ್ನೂ ಸೇರಿಸಿಯೇ ಹೇಳುತ್ತಿದ್ದೇನೆ.

ಕೊನೆಗೆ ಫ್ರಾಂಕ್ಲಿನ್ ಹೂಳುಮರಳಿನಿಂದ ರೊಸಾನಾ ಬಚ್ಚಿಟ್ಟಿದ್ದ ತಗಡಿನ ಪೆಟ್ಟಿಗೆ ಎಳೆದು ತೆಗೆಯುತ್ತಾನೆ. ಒಳಗೆ ಬಣ್ಣದ ಗುರುತಿರುವ ಅಂಗಿ. ಯಾರದೆಂದು ಹುಡುಕಿದರೆ ಅಂಚಿನಲ್ಲಿ ತನ್ನದೇ ಹೆಸರು. ಬಡವನ ಕುರಿಮರಿ ಕದ್ದವನು ಯಾರೆಂದು ಸಿಡುಕಿದ ದಾವೀದನಿಗೆ ಪ್ರವಾದಿ ನಾತಾನ ಬೆರಳು ತೋರಿದ ಆ ಗಳಿಗೆಯೇ ಇದು.

ತತ್ವಶಾಸ್ತ್ರದ ತರಗತಿಯಲ್ಲಿ ನಮಗೆ ಒಂದು ಭೇದ ಕಲಿಸುತ್ತಿದ್ದರು. ಮನುಷ್ಯನಿಂದ ಆಗುವ ಕ್ರಿಯೆ ಬೇರೆ, ಮನುಷ್ಯನು ತಿಳಿದು ಮನಸ್ಸಿಟ್ಟು ಮಾಡುವ ಕ್ರಿಯೆ ಬೇರೆ. ನಿದ್ದೆಯಲ್ಲಿ ಒದ್ದರೆ ಪಾಪವಿಲ್ಲ. ಆ ಪ್ರಕಾರ ಫ್ರಾಂಕ್ಲಿನ್ ನಿರ್ದೋಷಿ. ಆದರೆ ಅಷ್ಟಕ್ಕೆ ಕೈ ತೊಳೆದುಕೊಳ್ಳಲು ಸಂತ ತೋಮಾಸ್ ಅಕ್ವಿನಾಸರು ಬಿಡುವುದಿಲ್ಲ. ಮರಳಿ ಕೊಡುವ ಹೊಣೆ ಎರಡು ಕಡೆಯಿಂದ ಬರುತ್ತದೆಂದು ಅವರು ಹೇಳುತ್ತಾರೆ. ಒಂದು, ಅನ್ಯಾಯವಾಗಿ ತೆಗೆದುಕೊಂಡ ಕೃತ್ಯದಿಂದ. ಇನ್ನೊಂದು, ಆ ವಸ್ತುವಿನಿಂದಲೇ. ವಸ್ತು ಇನ್ನೊಬ್ಬರದಾಗಿದ್ದರೆ, ನಾನು ಪಾಪ ಮಾಡದೆಯೇ ಅದು ನನ್ನ ಕೈಗೆ ಬಂದಿದ್ದರೂ, ಹಿಂತಿರುಗಿಸಬೇಕು.

ಈಗ ಶ್ರೀರಂಗಪಟ್ಟಣಕ್ಕೆ ಬನ್ನಿ. ಇಡೀ ಕಾದಂಬರಿಯಲ್ಲಿ ಪೊಲೀಸರು ಹುಡುಕುವುದು ರೇಚಲ್‌ಳ ಕೋಣೆಯಿಂದ ವಜ್ರ ಕದ್ದವನನ್ನು. ಶ್ರೀರಂಗಪಟ್ಟಣದಿಂದ ಕದ್ದವನ ಹೆಸರು ಮೊದಲ ಪುಟಗಳಲ್ಲೇ ಗೊತ್ತು, ಆದರೆ ಆ ಕಳ್ಳತನದ ಬಗ್ಗೆ ಯಾವ ಸಾರ್ಜೆಂಟನೂ ವಿಚಾರಣೆ ಮಾಡುವುದಿಲ್ಲ. ನಿಜವಾದ ಇತಿಹಾಸವೂ ಹಾಗೆಯೇ. ಕೋಟೆ ಬಿದ್ದ ಮರುದಿನ ಲೂಟಿ ನಿಲ್ಲಿಸಲು ಆರ್ಥರ್ ವೆಲ್ಲೆಸ್ಲಿ ಕೆಲವು ಸೈನಿಕರನ್ನು ನೇಣಿಗೇರಿಸಿದ, ಕೆಲವರಿಗೆ ಛಡಿಯೇಟು ಹಾಕಿಸಿದ. ಆಮೇಲೆ ಅಧಿಕಾರಿಗಳೇ ಸಮಿತಿ ಮಾಡಿ, ಪಟ್ಟಿ ಬರೆದು, ಭಂಡಾರವನ್ನು ದರ್ಜೆಗೆ ತಕ್ಕಂತೆ ಹಂಚಿಕೊಂಡರು. ಚೀಲದಲ್ಲಿ ತುಂಬಿಕೊಂಡವನು ಕಳ್ಳ, ಪಟ್ಟಿ ಬರೆದುಕೊಂಡವನು ಗೆದ್ದವನು. ಟಿಪ್ಪುವಿನ ಮರದ ಹುಲಿ ಇಂದಿಗೂ ಲಂಡನ್ನಿನ ವಸ್ತುಸಂಗ್ರಹಾಲಯದಲ್ಲಿದೆ. ಅವನ ಒಂದು ಖಡ್ಗ 2023ರ ಮೇ ತಿಂಗಳಲ್ಲಿ ಲಂಡನ್ನಿನ ಹರಾಜಿನಲ್ಲಿ 1 ಕೋಟಿ 40 ಲಕ್ಷ ಪೌಂಡಿಗೆ ಮಾರಾಟವಾಯಿತು.

ಇಲ್ಲಿ ನಮ್ಮವರೇ ಕೆಲವರು ಕೇಳಬಹುದು: "ಫಾದರ್, 1784ರಲ್ಲಿ ಕರಾವಳಿಯ ನಮ್ಮ ಹಿರಿಯರನ್ನು ಸೆರೆಹಿಡಿದು ಅದೇ ಶ್ರೀರಂಗಪಟ್ಟಣಕ್ಕೆ ಅಟ್ಟಿದವನ ಸೊತ್ತು ಹೋದರೆ ನಮಗೇನು?" ಮಂಗಳೂರು ಕಡೆಯ ಕುಟುಂಬಗಳಲ್ಲಿ ಆ ನೋವು ಇನ್ನೂ ಆರಿಲ್ಲ, ನನಗೆ ಗೊತ್ತು. ದಾರಿಯಲ್ಲಿ ಸತ್ತವರ, ಸೆರೆಯಲ್ಲಿ ಸತ್ತವರ ಲೆಕ್ಕ ಸಣ್ಣದಲ್ಲ. ಆದರೂ ನನ್ನ ಉತ್ತರ ಇದು. ನಮಗೆ ಅನ್ಯಾಯ ಮಾಡಿದವನಿಂದ ಮೂರನೆಯವನು ಕದ್ದರೆ ಅದು ನ್ಯಾಯವಾಗುವುದಿಲ್ಲ. ಏಳನೇ ಕಟ್ಟಳೆಯಲ್ಲಿ ಶತ್ರುವಿನ ಮನೆಗೆ ವಿನಾಯಿತಿ ಬರೆದಿಲ್ಲ. ಕಾದಂಬರಿಕಾರ ಕಾಲಿನ್ಸ್ ಕ್ರೈಸ್ತ, ಬ್ರಿಟಿಷ್, ಅದೂ ಸಾಮ್ರಾಜ್ಯದ ಉತ್ತುಂಗ ಕಾಲದವನು. ಆದರೂ ಅವನ ಕಥೆಯಲ್ಲಿ ವಜ್ರ ಕೊನೆಗೆ ಸೇರುವುದು ಸೋಮನಾಥದ ದೇವರ ಹಣೆಯನ್ನೇ. ರೇಚಲ್ ಪಾಪ ಮಾಡಿದವಳಲ್ಲ, ಆದರೆ ವಜ್ರ ಆಕೆಯದಾಗಿರಲಿಲ್ಲ. ಅಕ್ವಿನಾಸರ ಎರಡನೇ ಮಾತು ಇದೇ ಅಲ್ಲವೇ?

ನಮ್ಮ ಮನೆಗಳಲ್ಲಿ ವಜ್ರವಿಲ್ಲ. ಆದರೆ ಅಣ್ಣನ ಪಾಲಿನ ಪರಿಹಾರದ ಹಣ ಇರಬಹುದು, ವಿಧವೆ ಅತ್ತಿಗೆಗೆ ಸೇರಬೇಕಾದ ಪ್ಲಾಟು ಇರಬಹುದು, "ಅಪ್ಪ ಮಾಡಿಟ್ಟು ಹೋದದ್ದು, ನಾನೇನು ಕದ್ದೆನೇ" ಎಂಬ ಮಾತೂ ಇರಬಹುದು. ಜಕ್ಕಾಯನು ಮರದಿಂದ ಇಳಿದು ಕಣ್ಣೀರು ಸುರಿಸಿದ ಎಂದು ಶುಭಸಂದೇಶದಲ್ಲಿಲ್ಲ. ನಾಲ್ಕರಷ್ಟು ಹಿಂದಿರುಗಿಸುತ್ತೇನೆ ಎಂದ. ಸಂತ ಅಗಸ್ಟೀನರೂ ಹಿಂದಿರುಗಿಸಲು ಸಾಧ್ಯವಿದ್ದೂ ಹಿಂದಿರುಗಿಸದವನ ಪಶ್ಚಾತ್ತಾಪ ಬರೀ ನಟನೆ ಎಂದು ಕಟುವಾಗಿಯೇ ಬರೆದಿದ್ದಾರೆ.

ಕದ್ದದ್ದು ಒಡವೆಯಾದರೆ ಹಿಂದಿರುಗಿಸುವುದು ಸುಲಭ. ಹೆಸರಾದರೆ?

ಇದನ್ನು ಬರೆಯಬೇಕೋ ಬೇಡವೋ ಎಂದು ಎರಡು ದಿನ ಯೋಚಿಸಿದೆ. ಕೆಲವು ವರ್ಷಗಳ ಹಿಂದೆ ಬೇರೊಂದು ಊರಿನ ಧರ್ಮಕೇಂದ್ರದಲ್ಲಿದ್ದಾಗ ಹಬ್ಬದ ಕಾಣಿಕೆ ಹಣವಿದ್ದ ಲಕೋಟೆಯೊಂದು ನನ್ನ ಕಚೇರಿ ಮೇಜಿನಿಂದ ಕಾಣೆಯಾಯಿತು. ಮೊತ್ತ ದೊಡ್ಡದಲ್ಲ. ಪೀಠಬಾಲಕರಲ್ಲಿ ಒಬ್ಬ ಹುಡುಗನ ತಂದೆ ಕಳ್ಳತನದ ಕೇಸಿನಲ್ಲಿ ಜೈಲಿಗೆ ಹೋಗಿಬಂದವನು. ನಾನು ಆ ಹುಡುಗನನ್ನು ಕಳ್ಳ ಎನ್ನಲಿಲ್ಲ. "ನೀನು ಕೋಣೆಯೊಳಗೆ ಬಂದಿದ್ದೆಯಾ?" ಎಂದು ಕೇಳಿದೆ, ಅಷ್ಟೇ. ಆದರೆ ಉಳಿದ ಹುಡುಗರ ಎದುರು ಕೇಳಿದೆ, ಎರಡು ಸಲ ಕೇಳಿದೆ, ಬೇರೆ ಯಾರನ್ನೂ ಕೇಳಲಿಲ್ಲ. ಮುಂದಿನ ವಾರದಿಂದ ಅವನು ಬಲಿಪೂಜೆಗೆ ಸೇವೆ ಮಾಡಲು ಬರಲಿಲ್ಲ. ಬರದಿರುವುದೇ ಸಾಕ್ಷಿ ಎಂದು ನನ್ನ ಮನಸ್ಸು ಹೇಳಿತು. ಸಾರ್ಜೆಂಟ್ ಕಫ್‌ನ ಲೆಕ್ಕವೇ.

ಎರಡು ತಿಂಗಳ ನಂತರ ಊರಿನ ಒಬ್ಬ ಅಜ್ಜಿ ತೀರಿಕೊಂಡರು. ಮಣ್ಣು ಮಾಡಿ ಬಂದು, ಹೆಸರು ದಾಖಲಿಸಲು ಮರಣದ ರಿಜಿಸ್ಟರ್ ತೆರೆದರೆ ನಡುವೆ ಆ ಲಕೋಟೆ. ಮೇಲೆ ಮೊತ್ತ, ತಾರೀಖು, ಎರಡೂ ನನ್ನ ಕೈಬರಹದಲ್ಲಿ. ಹಬ್ಬದ ರಾತ್ರಿ ಭದ್ರವಾಗಿರಲೆಂದು ನಾನೇ ಇಟ್ಟಿದ್ದೆ. ನನಗೆ ಯಾರೂ ಅಫೀಮು ಕುಡಿಸಿರಲಿಲ್ಲ.

ಅಂದು ಸಂಜೆಯೇ ಅವರ ಮನೆಗೆ ಹೋದೆ. ಹುಡುಗನ ತಾಯಿ ಚಹಾ ಮಾಡಿಕೊಟ್ಟು, "ಇರ್ಲಿ ಬಿಡ್ರಿ ಫಾದರ್, ಆಗಿದ್ದು ಆಗಿಹೋತು" ಎಂದರು. ಹುಡುಗ ಒಳಗಿನ ಕೋಣೆಯಿಂದ ಹೊರಗೆ ಬರಲಿಲ್ಲ. ಚಹಾ ಕುಡಿದು ಎದ್ದಾಗ ಮನಸ್ಸು ಹಗುರವಾಗಿತ್ತು, ಆ ಹಗುರತನವೇ ದಾರಿಯಲ್ಲಿ ಚುಚ್ಚತೊಡಗಿತು. ಹತ್ತು ಹುಡುಗರ ಎದುರು ತೆಗೆದುಕೊಂಡ ಮಾನವನ್ನು ಒಂದು ಅಡುಗೆಮನೆಯಲ್ಲಿ ಮೆಲ್ಲಗೆ ಹಿಂದಿರುಗಿಸಿ ಬಂದಿದ್ದೆ. ಲೆಕ್ಕ ಸರಿಹೋಗಲಿಲ್ಲ. ಭಾನುವಾರ ಬಲಿಪೂಜೆಯ ಕೊನೆಗೆ, ಪ್ರಕಟಣೆಗಳ ಜೊತೆ, ಲಕೋಟೆ ಎಲ್ಲಿ ಸಿಕ್ಕಿತು, ಇಟ್ಟವರು ಯಾರು, ನಾನು ಯಾರನ್ನು ಕೇಳಿದ್ದೆ ಎಂದು ಎಲ್ಲರ ಮುಂದೆ ಹೇಳಿ ಕ್ಷಮೆ ಕೇಳಿದೆ. ಪೀಠಬಾಲಕರು ತಲೆ ತಗ್ಗಿಸಿದರು. ತಾಯಿ ಹಿಂದಿನ ಸಾಲಿನಲ್ಲಿ ಕಂಬದ ಪಕ್ಕ ನಿಂತಿದ್ದರು, ಸೆರಗು ತಲೆಯ ಮೇಲೆ ಎಳೆದುಕೊಂಡರು. ಹುಡುಗ ಬಂದಿರಲಿಲ್ಲ.

ಮರುವರ್ಷ ನನಗೆ ವರ್ಗವಾಯಿತು. ಅವನೀಗ ಹುಬ್ಬಳ್ಳಿಯ ಒಂದು ಗ್ಯಾರೇಜಿನಲ್ಲಿ ಕೆಲಸ ಮಾಡುತ್ತಿದ್ದಾನಂತೆ, ಮದುವೆಯಾಗಿದೆಯಂತೆ. ಕಳೆದ ತಿಂಗಳು ಆ ಊರಿನಿಂದ ಬಂದವರೊಬ್ಬರು ಅವನ ಫೋನ್ ನಂಬರು ಕೊಟ್ಟು ಹೋದರು. ಚೀಟಿ ನನ್ನ ಪ್ರಾರ್ಥನಾ ಪುಸ್ತಕದಲ್ಲಿದೆ. ಈ ಬಾರಿ ಎಲ್ಲಿಟ್ಟಿದ್ದೇನೆಂದು ಚೆನ್ನಾಗಿ ನೆನಪಿದೆ. ಇನ್ನೂ ಫೋನ್ ಮಾಡಿಲ್ಲ.